ಹೊಟ್ಟೆ ತುಂಬ ಲಂಟಾನ: ಒಂದು ಕಾಟಿ ಕಟ್ಟಿದ ಬಗೆ

ಕೊಳ್ಳೇಗಾಲದ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನ ಅಂಗಳಕ್ಕೆ ಕಾಡಿನಲ್ಲೆಲ್ಲ ಹಬ್ಬಿರುವ ಮುಳ್ಳುಪೊದೆ ಲಂಟಾನದ ಕಡ್ಡಿಯಲ್ಲಿ ಒಂದು ಕಾಟಿ, ಅಂದರೆ ಕಾಡುಕೋಣ, ಮಾಡಿದೆವು. ನೆಲದಿಂದ ಭುಜಕ್ಕೆ ನಾಲ್ಕೂವರೆ ಅಡಿ, ಮೂತಿಯಿಂದ ಬಾಲದ ಬುಡಕ್ಕೆ ಏಳು ಅಡಿ. ಕಾಡಿನ ಗಂಡು ಕಾಟಿ ಭುಜದ ಹತ್ತಿರ ಆರು ಅಡಿ ಮುಟ್ಟುತ್ತದೆ, ಹಾಗಾಗಿ ನಮ್ಮದು ಮುಕ್ಕಾಲು ಅಳತೆಯದು. ಒಳಗೆ ಕಬ್ಬಿಣದ ಅಸ್ಥಿಪಂಜರ, ಹೊರಗೆ ಬೇಯಿಸಿ ಸಿಪ್ಪೆ ತೆಗೆದ ಕಡ್ಡಿ. ಹೊಟ್ಟೆಯೊಳಗೆ ಮುಳ್ಳು. ಆ ಹೊಟ್ಟೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಂದು ಗೇಟು, ಗ್ರಿಲ್ಲು ಮಾಡುವ ಸಣ್ಣ ವೆಲ್ಡಿಂಗ್ ಅಂಗಡಿ. ಶಾಲೆಯ ಡ್ರಾಯಿಂಗ್ ಮೇಷ್ಟ್ರು ನನ್ನ ಗೆಳೆಯರು. ಪರಿಸರ ದಿನಕ್ಕೆ ಪ್ರತಿ ವರ್ಷ ಗೋಡೆಯ ಮೇಲೆ ಅಳುವ ಭೂಮಿಯ ಚಿತ್ರ ಬರೆಸಿ ಬರೆಸಿ ಅವರಿಗೆ ಸಾಕಾಗಿತ್ತು. "ನಮ್ಮೂರಿನ ಕಾಡಿಗೆ ಏನಾಗಿದೆಯೋ ಅದನ್ನ ಮಾಡೋಣ ಕಣಯ್ಯಾ" ಅಂದರು. ನಮ್ಮ ಕಡೆ ಕಾಡಿಗೆ ಏನಾಗಿದೆ ಅಂದರೆ ಮೊದಲು ಬಾಯಿಗೆ ಬರುವುದೇ ಲಂಟಾನ.

ಲಂಟಾನದಲ್ಲಿ ಪ್ರಾಣಿ ಮಾಡುವುದು ನಮ್ಮ ಕಲ್ಪನೆಯೇನಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗ ಬುಡಕಟ್ಟಿನವರು ಬೆಂಗಳೂರಿನ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಎಷ್ಟೋ ವರ್ಷಗಳಿಂದ ಲಂಟಾನದ ಕುರ್ಚಿ, ಮೇಜು, ಬುಟ್ಟಿ ಮಾಡುತ್ತಿದ್ದಾರೆ. ಬಿದಿರು ಸಿಗುವುದು ಕಷ್ಟವಾದಾಗ ಕಾಡಿನಲ್ಲಿ ಬೇಡಬೇಡವೆಂದರೂ ಸಿಗುವ ಲಂಟಾನಕ್ಕೆ ಕೈ ಹಾಕಿದವರು ಅವರು. ಆಮೇಲೆ ಬಂದದ್ದು ಆನೆಗಳು. ನೀಲಗಿರಿಯ ಗೂಡಲೂರಿನ ಸುತ್ತ ಬೆಟ್ಟ ಕುರುಬ, ಪಣಿಯ, ಕಾಟ್ಟುನಾಯಕ, ಸೋಲಿಗ ಬುಡಕಟ್ಟುಗಳ ಕೆಲಸಗಾರರು ಕಟ್ಟಿದ ಆನೆಗಳು 2021ರಲ್ಲಿ ಲಂಡನ್ನಿನ ಪಾರ್ಕುಗಳಲ್ಲಿ ನಿಂತವು. 2024ರಲ್ಲಿ ನೂರು ಆನೆಗಳ ಹಿಂಡು ಅಮೆರಿಕದ ನ್ಯೂಪೋರ್ಟಿನಿಂದ ಹೊರಟು ನ್ಯೂಯಾರ್ಕ್, ಮಯಾಮಿ ಅಂತ ಊರೂರು ಸುತ್ತಿತು. ಅದೇ ವರ್ಷ ಫೆಬ್ರವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲೂ ಲಂಟಾನದ ಆನೆಗಳಿದ್ದವು.

ಲಾಲ್‌ಬಾಗಿನಲ್ಲಿ ನಾನೂ ಮೇಷ್ಟ್ರೂ ಹೋಗಿ ನೋಡಿದ್ದೆವು. ಕೆಲಸ ಅಂದರೆ ಕೆಲಸ. ಸೊಂಡಿಲ ಸುಕ್ಕು ಕೂಡ ಕಡ್ಡಿಯಲ್ಲೇ ಬಂದಿದೆ. ಆದರೆ ಜನ ಬಂದು ಸೆಲ್ಫಿ ತೆಗೆದು, "ಬಿದಿರಿನದಾ? ಬೆತ್ತದ್ದಾ?" ಅಂತ ಕೇಳಿ ಹೊರಟುಬಿಡುತ್ತಿದ್ದರು. ತಪ್ಪು ಅವರದ್ದಲ್ಲ. ಸಿಪ್ಪೆ ಸುಲಿದು ನುಣ್ಣಗೆ ಮಾಡಿದ ಲಂಟಾನ ನಿಜವಾಗಿಯೂ ಬೆತ್ತದ ಹಾಗೇ ಕಾಣುತ್ತದೆ. ಕಾಡಿನಲ್ಲಿ ಅದು ಮೈ ಗೀರುವ, ಒಳಗೆ ಕಾಲಿಡಲು ಬಿಡದ ಪೊದೆ. ಕಲೆಯಾದ ಮೇಲೆ ಆ ಕೆಟ್ಟ ಗುಣವೆಲ್ಲ ಹೋಗಿ ಬರೀ ಚೆಂದ ಉಳಿಯುತ್ತದೆ. ಬಸ್ಸಿನಲ್ಲಿ ವಾಪಸ್ ಬರುವಾಗ ನಮ್ಮಿಬ್ಬರ ಮಾತು ಪೂರ್ತಿ ಇದೇ. ನಾವು ಮಾಡುವುದರಲ್ಲಿ ಮುಳ್ಳು ಉಳಿಯಬೇಕು, ಬೋರ್ಡು ಓದದವನಿಗೂ ಅದು ತಾಗಬೇಕು ಅಂತ ಅಲ್ಲೇ ತೀರ್ಮಾನವಾಯಿತು.

ಇನ್ನೊಂದು ಮಾತೂ ಬಂತು. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಫೈಬರ್ ಮೊಸಳೆ ಬಿಟ್ಟರಲ್ಲ, ಅದು ಕೆಲಸ ಮಾಡಿತು. ಗುಂಡಿ ಮುಚ್ಚಬೇಕಾದವರು ಯಾರು ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಅವರಿಗೆ ನಾಚಿಕೆಯಾಯಿತು, ಮುಚ್ಚಿದರು. ಲಂಟಾನಕ್ಕೆ ಅಂಥ ವಿಳಾಸವೇ ಇಲ್ಲ. ಬ್ರಿಟಿಷರು ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ತೋಟದ ಚೆಂದಕ್ಕೆ ಅಂತ ತಂದ ಅಮೆರಿಕ ಖಂಡದ ಗಿಡ. ಅವರನ್ನು ಹೋಗಿ ಕೇಳುವುದಕ್ಕಾಗುತ್ತದಾ? ಇವತ್ತು ದೇಶದ ಹುಲಿ ಕಾಡುಗಳಲ್ಲಿ ಸುಮಾರು ನೂರಕ್ಕೆ ನಲವತ್ತು ಭಾಗದಲ್ಲಿ ಅದು ಹರಡಿದೆ. ಅದರ ಕೆಳಗೆ ಹುಲ್ಲು ಬರುವುದಿಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆ, ಕಾಟಿ, ಆನೆ ಏನು ತಿನ್ನಬೇಕು? ಹೊಲಕ್ಕೆ ಬರುತ್ತವೆ. ನಮ್ಮ ಶಾಲೆಯ ಮಕ್ಕಳ ಮನೆಗಳಲ್ಲಿ ರಾತ್ರಿ ಕಾವಲು ಕಾಯುವವರು ಇದ್ದಾರೆ. ಅವರಿಗೆ ಇದು ಪರಿಸರದ ಪಾಠ ಅಲ್ಲ, ರಾಗಿಯ ಲೆಕ್ಕ.

ಆನೆ ಬೇಡ, ಆಗಲೇ ಆಗಿದೆ. ಜಿಂಕೆ ಮಾಡೋಣ ಅಂದರೆ ಕಾಲು ತೀರಾ ಸಣ್ಣ. ಕಡ್ಡಿ ಸುತ್ತಿದ ತಕ್ಷಣ ಕುರಿಯ ಕಾಲಾಗುತ್ತದೆ. ಕಾಟಿ ಸರಿಯಾಗಿ ಹೊಂದಿತು. ಒಂದು ಕಾರಣ ಅದರ ಗಾತ್ರ. ಇನ್ನೊಂದು ಕಾರಣ ಬಣ್ಣ: ಮೈ ಕಪ್ಪು, ಮೊಣಕಾಲಿನಿಂದ ಕೆಳಗೆ ಬಿಳಿ ಕಾಲುಚೀಲ. ಸುಲಿದ ಲಂಟಾನ ಹಸಿಯಲ್ಲಿ ಸರಿಯಾಗಿ ಅದೇ ಮಾಸಲು ಬಿಳಿ. ಪೇಂಟ್ ಮುಟ್ಟುವ ಹಾಗೇ ಇಲ್ಲ.

ಕಡ್ಡಿ ಕಡಿಯುವುದು

ಕಾಡಿಗೆ ಹೋಗಿ ಕಡಿಯಬೇಡಿ. ಅಭಯಾರಣ್ಯದೊಳಗಿನ ಲಂಟಾನ ಎಷ್ಟೇ ಕೆಟ್ಟದ್ದಾದರೂ ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ನಾವು ತಂದದ್ದು ಒಬ್ಬ ರೈತರ ಬೀಳು ಜಮೀನಿನಿಂದ. ಅವರಿಗೆ ಜಮೀನು ಹಸನಾದರೆ ಸಾಕಿತ್ತು, ನಮಗೆ ಕಡ್ಡಿ ಸಿಕ್ಕರೆ ಸಾಕಿತ್ತು.

ಕೆಲಸಕ್ಕೆ ಒಬ್ಬ ಸೋಲಿಗರ ಹಿರಿಯರು ಬಂದರು. ಲಂಟಾನದ ಬುಟ್ಟಿ, ಮೊರ ಮಾಡಿ ಕೈ ಪಳಗಿದವರು. ದಿನಗೂಲಿ ಅವರು ಹೇಳಿದ್ದೇ ಕೊಟ್ಟೆವು. ಈ ಥರದ ಯೋಜನೆಗಳಲ್ಲಿ "ಜಾಗೃತಿಗಾಗಿ ಸೇವೆ" ಅಂತ ಕೈಕೆಲಸದವರ ಕೂಲಿಯನ್ನೇ ಮೊದಲು ಕತ್ತರಿಸುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ. ನನ್ನ ವೆಲ್ಡಿಂಗ್ ಬೇಕಾದರೆ ಸೇವೆ ಆಗಲಿ.

ನಾನು ಮೊದಲು ಆರಿಸಿದ್ದು ಹಸಿರಾಗಿ ನೆಟ್ಟಗೆ ಬೆಳೆದ ಕಡ್ಡಿಗಳನ್ನು. ಅವರು ಒಂದನ್ನು ಎತ್ತಿ ಬಗ್ಗಿಸಿ ನೋಡಿ ಪಕ್ಕಕ್ಕೆ ಎಸೆದರು. "ಎಳೇದು ಸಾಮಿ ಇದು. ಒಣಗಿದ್ಮೇಲೆ ಸುಕ್ಕಟ್ಕತದೆ. ಬೂದಿ ಬಣ್ಣ ತಿರುಗಿರಾದ ನೋಡ್ಕೊಂಡು ಕುಯ್ಯಿ."

ಅಂದರೆ ತೊಗಟೆ ಬೂದು ಬಣ್ಣಕ್ಕೆ ತಿರುಗಿ, ಚೌಕ ಮೂಲೆಗಳು ಮಾಯವಾಗಿ ಗುಂಡಗಾದ ಕಡ್ಡಿ. ಎಳೆಯ ಲಂಟಾನ ಕಡ್ಡಿ ಕೈಯಲ್ಲಿ ಹಿಡಿದರೆ ನಾಲ್ಕು ಮೂಲೆ ತಿಳಿಯುತ್ತದೆ, ಅದರ ಮೇಲೇ ಹಿಂದಕ್ಕೆ ಬಾಗಿದ ಮುಳ್ಳು ಜಾಸ್ತಿ. ಬಲಿತದ್ದರಲ್ಲಿ ಮುಳ್ಳು ಉದುರಿರುತ್ತದೆ. ಮೂರು ಗಾತ್ರ ಮಾಡಿಕೊಂಡೆವು: ಹೆಬ್ಬೆರಳಿನ ದಪ್ಪ, ಕಿರುಬೆರಳಿನ ದಪ್ಪ, ಪೆನ್ಸಿಲ್ ದಪ್ಪ. ಮೊದಲನೆಯದು ಬೆನ್ನು ಮತ್ತು ಪಕ್ಕೆಗೆ, ಎರಡನೆಯದು ಮೈಗೆ, ಮೂರನೆಯದು ಮುಖ ಮತ್ತು ಕಾಲಿಗೆ. ಪೆನ್ಸಿಲ್ ದಪ್ಪದ್ದು ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿ ಬೇಕಾಗುತ್ತದೆ, ಹಾಗಾಗಿ ಮೊದಲೇ ಹೆಚ್ಚು ಕೊಯ್ದಿಟ್ಟುಕೊಳ್ಳಿ.

ಕಾಯಿ ಹಣ್ಣಾಗುವ ಮುಂಚೆ ಕಡಿಯುವುದು ಒಳ್ಳೆಯದು. ಆ ಕಪ್ಪು ಹಣ್ಣನ್ನು ಪಿಕಳಾರದಂಥ ಹಕ್ಕಿಗಳು ತಿಂದು ಊರೆಲ್ಲ ಬಿತ್ತುತ್ತವೆ. ಹಣ್ಣಿರುವ ಹೊರೆಯನ್ನು ಟ್ರ್ಯಾಕ್ಟರಿನಲ್ಲಿ ತುಂಬಿ ಶಾಲೆಗೆ ತಂದರೆ ಹಕ್ಕಿಯ ಕೆಲಸವನ್ನು ನಾವೇ ಮಾಡಿದ ಹಾಗಾಗುತ್ತದೆ.

ಮುಖ್ಯವಾದದ್ದು: ಮೇಲಿನ ಕಡ್ಡಿ ಕಡಿದರೆ ಲಂಟಾನ ಸಾಯುವುದಿಲ್ಲ. ಬುಡದಿಂದ ಮತ್ತೆ ಚಿಗುರಿ ಮೊದಲಿಗಿಂತ ದಟ್ಟವಾಗುತ್ತದೆ. ದೆಹಲಿಯ ಪ್ರೊಫೆಸರ್ ಸಿ. ಆರ್. ಬಾಬು ಅವರ ತಂಡ ರೂಪಿಸಿದ ಒಂದು ವಿಧಾನವಿದೆ. ನೆಲಮಟ್ಟಕ್ಕಿಂತ ಒಂದೆರಡು ಅಂಗುಲ ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಎತ್ತಿ, ತಲೆಕೆಳಗಾಗಿ ಇಟ್ಟುಬಿಡುವುದು. ಮಣ್ಣು ಹೆಚ್ಚು ಕದಡುವುದಿಲ್ಲ, ಬುಡ ಮತ್ತೆ ಬೇರು ಬಿಡುವುದಿಲ್ಲ. ನಾವೂ ಹಾಗೇ ಮಾಡಿದೆವು. ಗುದ್ದಲಿಯಲ್ಲಿ ಸುತ್ತ ಸ್ವಲ್ಪ ಬಿಡಿಸಿ, ಮಚ್ಚಿನಲ್ಲಿ ಒಂದು ಏಟು. ಹೀಗೆ ಸಿಕ್ಕ ಗಂಟು ಗಂಟಾದ ಬುಡಗಳನ್ನು ಎಸೆಯಲಿಲ್ಲ, ಕಾಟಿಯ ಮೂತಿ ಮತ್ತು ಗೊರಸಿಗೆ ಅವೇ ಬಂದವು.

ಕಡಿಯುವ ನಡುವೆ ಬೀಡಿ ಹಚ್ಚಿ ಕೂತಾಗ ಹಿರಿಯರು ತರಗು ಬೆಂಕಿಯ, ಅಂದರೆ ಉದುರಿದ ಒಣ ಎಲೆಗೆ ಇಡುವ ಸಣ್ಣ ಬೆಂಕಿಯ, ವಿಷಯ ತೆಗೆದರು. "ನಮ್ಮಪ್ಪನ ಕಾಲದಲ್ಲಿ ಚಳಿ ಮುಗಿಯೋ ಹೊತ್ಗೆ ತರಗಿಗೆ ಬೆಂಕಿ ಇಡೋರು ಸಾಮಿ. ಮೊಣಕಾಲುದ್ದ ಬೆಂಕಿ. ಮಳೆ ಬಿದ್ಮೇಲೆ ಹುಲ್ಲು ಏನ್ ಚೆಂದ ಬರೋದು. ಈಗ ಬೆಂಕಿ ಬಿದ್ರೆ ಮರನೇ ಹೊಂಟೋಯ್ತದೆ."

ಇದು ಬರೀ ಹಳೆಯ ಕಾಲದ ನೆನಪಲ್ಲ. 1972ರ ವನ್ಯಜೀವಿ ಕಾಯ್ದೆ ಬಂದು, 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದ ಮೇಲೆ ಸೋಲಿಗರ ಈ ಸಣ್ಣ ಬೆಂಕಿ ನಿಂತುಹೋಯಿತು. ಅದು ನಿಂತದ್ದೇ ಲಂಟಾನ ಹಬ್ಬಲು ಒಂದು ದೊಡ್ಡ ಕಾರಣ ಅನ್ನುವುದು ಅವರ ಮಾತು. ಅಲ್ಲಿ ಅಧ್ಯಯನ ಮಾಡಿದ ವಿಜ್ಞಾನಿಗಳು ಈ ತಿಳಿವಳಿಕೆಯನ್ನು ಗಂಭೀರವಾಗಿ ತೆಗೆದುಕೊಂಡು ಬರೆದಿದ್ದಾರೆ. 1997ರಲ್ಲಿ ಅಳೆದು ನೋಡಿದ ಬೆಟ್ಟವನ್ನೇ 2008ರಲ್ಲಿ ಮತ್ತೆ ಅಳೆದಾಗ ಲಂಟಾನ ಇರುವ ತಾಣಗಳು ಹೆಚ್ಚೂಕಡಿಮೆ ಎರಡು ಪಟ್ಟಾಗಿದ್ದವು. ಈಗ ಬೇಸಿಗೆಯಲ್ಲಿ ಒಣಗಿದ ಲಂಟಾನ ಬೆಂಕಿಯನ್ನು ನೆಲದಿಂದ ಮರದ ತಲೆಗೆ ಹತ್ತಿಸುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಉರಿದದ್ದನ್ನು ನಮ್ಮ ಜಿಲ್ಲೆಯವರು ಯಾರೂ ಮರೆತಿಲ್ಲ.

ಈ ಮಾತು ಕೇಳಿದ ಮೇಲೆ ಮೇಷ್ಟ್ರು ತಮ್ಮ ಬೋರ್ಡಿನ ಬರಹದಿಂದ "ಕಾಡ್ಗಿಚ್ಚು ತಡೆಯಿರಿ" ಅನ್ನುವ ಸಾಲನ್ನು ತೆಗೆದುಹಾಕಿದರು. ವಿಷಯ ಅಷ್ಟು ಸರಳವಾಗಿರಲಿಲ್ಲ.

ಬೇಯಿಸಿ ಸುಲಿಯುವುದು

ಇನ್ನೂರು ಲೀಟರಿನ ಡ್ರಮ್ಮನ್ನು ಉದ್ದಕ್ಕೆ ಸೀಳಿದೆ. ಹಳೇ ಡ್ರಮ್ಮಿಗೆ ಗ್ರೈಂಡರ್ ಇಡುವ ಮುಂಚೆ ಒಳಗೆ ಏನಿತ್ತು ಅಂತ ವಿಚಾರಿಸಿ, ನೀರು ತುಂಬಿ ತೊಳೆದು ಆಮೇಲೆ ಕತ್ತರಿಸಿ. ಎಣ್ಣೆಯೋ ಥಿನ್ನರೋ ಇದ್ದ ಡ್ರಮ್ಮು ಕಿಡಿ ಬಿದ್ದರೆ ಸಿಡಿಯುತ್ತದೆ. ಅಂಗಡಿಗಳಲ್ಲಿ ಕೈಕಾಲು ಕಳೆದುಕೊಂಡವರಿದ್ದಾರೆ.

ಅರ್ಧ ಡ್ರಮ್ಮನ್ನು ಮೂರು ಕಲ್ಲಿನ ಮೇಲಿಟ್ಟು, ನೀರು ತುಂಬಿ, ಕಡ್ಡಿ ಮುಳುಗಿಸಿ ಮೇಲೆ ಕಲ್ಲು ಹೇರಿದೆವು. ಸೌದೆಗೆ ಲಂಟಾನದ ಕೊಂಬೆ, ಬೇಡವಾದ ಕಡ್ಡಿಗಳೇ ಸಾಕಾದವು. ಎರಡರಿಂದ ಮೂರು ಗಂಟೆ ಕುದಿಯಬೇಕು. ವಾಸನೆ ಖಾರವಾಗಿರುತ್ತದೆ, ಗಾಳಿ ಬೀಸುವ ದಿಕ್ಕಿಗೆ ಕೂರಬೇಡಿ. ನೀರು ಕಾಫಿ ಬಣ್ಣಕ್ಕೆ ಬಂದು ತೊಗಟೆ ಉಗುರಿಗೇ ಬಿಡಲು ಶುರುವಾದರೆ ಬೆಂದಿದೆ ಅಂತ. ಆ ನೀರನ್ನು ದನ ಕುಡಿಯದ ಕಡೆ ಚೆಲ್ಲಬೇಕು. ಲಂಟಾನದ ಎಲೆ ತಿಂದ ದನಗಳಿಗೆ ಲಿವರ್ ಕೆಡುತ್ತದೆ, ಬಿಸಿಲು ಬಿದ್ದ ಕಡೆ ಚರ್ಮ ಹುಣ್ಣಾಗುತ್ತದೆ. ಬರದಲ್ಲಿ ಬೇರೆ ಮೇವಿಲ್ಲದಾಗ ತಿಂದು ನರಳಿದ ದನ ನಮ್ಮ ಕಡೆ ಕಂಡಿಲ್ಲದವರು ಕಮ್ಮಿ.

ಬೇಯಿಸುವುದರಿಂದ ಎರಡು ಲಾಭ. ಬಿಸಿ ಇರುವಾಗ ಕಡ್ಡಿ ಹೇಳಿದ ಹಾಗೆ ಬಗ್ಗುತ್ತದೆ. ರಸ ಇಳಿದು ಹೋಗುವುದರಿಂದ ಮರ ಕೊರೆಯುವ ಕುಟ್ಟೆ ಹುಳ ಹಿಡಿಯುವುದೂ ಕಮ್ಮಿ. ಸುಲಿಯಲು ಮಚ್ಚಿನ ಬೆನ್ನು ಸಾಕು, ಚೂಪಾದ ಬಾಯಿ ಬೇಡ. ಬಾಯಲ್ಲಿ ಕೆರೆದರೆ ಮರಕ್ಕೆ ಗಾಯವಾಗಿ ಆ ಜಾಗದಲ್ಲೇ ಬಗ್ಗಿಸುವಾಗ ಮುರಿಯುತ್ತದೆ. ತಣ್ಣಗಾದ ಮೇಲೆ ಸುಲಿಯಲು ಹೋದರೆ ಎರಡರಷ್ಟು ಹೊತ್ತು. ಒಂಬತ್ತನೇ ಕ್ಲಾಸಿನ ಹುಡುಗಿಯರು ಈ ಕೆಲಸದಲ್ಲಿ ನಮ್ಮನ್ನೆಲ್ಲ ಹಿಂದೆ ಹಾಕಿದರು. ಹುಡುಗರು ಒಲೆಗೆ ಸೌದೆ ಹಾಕುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದರು, ಅಷ್ಟೇ.

ಅಸ್ಥಿಪಂಜರ

ಇದು ನನ್ನ ಕೆಲಸ, ಆದರೆ ಓದುವವರಿಗೆ ಇದರಲ್ಲಿ ಹೆಚ್ಚು ಸ್ವಾರಸ್ಯವಿಲ್ಲ. ಚಿಕ್ಕದಾಗಿ ಹೇಳುತ್ತೇನೆ.

ಮೇಷ್ಟ್ರು ಶಾಲೆಯ ಸಿಮೆಂಟ್ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಕಾಟಿಯ ಪಕ್ಕದ ನೋಟವನ್ನು ಮುಕ್ಕಾಲು ಅಳತೆಗೆ ಬರೆದರು. ಆ ಗೆರೆಯ ಮೇಲೇ ಕಂಬಿ ಇಟ್ಟು ಬಗ್ಗಿಸಿದೆ. ಬೆನ್ನುಮೂಳೆ ಮತ್ತು ನಾಲ್ಕು ಕಾಲಿಗೆ 10 ಎಂಎಂ ಟಿಎಂಟಿ ಕಂಬಿ, ಪಕ್ಕೆಯ ಸುತ್ತುಗಳಿಗೆ 6 ಎಂಎಂ. ವೆಲ್ಡಿಂಗ್ ರಾಡ್ 2.5 ಎಂಎಂನದು ಸಾಕು, ದಪ್ಪದ್ದು ಹಾಕಿದರೆ 6 ಎಂಎಂ ಕಂಬಿ ಕರಗಿ ತೂತಾಗುತ್ತದೆ. ಎಲ್ಲದಕ್ಕೂ ರೆಡ್ ಆಕ್ಸೈಡ್ ಎರಡು ಕೋಟು. ಕಡ್ಡಿ ಸುತ್ತಿದ ಮೇಲೆ ಒಳಗೆ ಬ್ರಷ್ ಹೋಗುವುದಿಲ್ಲ, ಹಾಗಾಗಿ ಈಗಲೇ ಬಳಿದುಬಿಡಬೇಕು.

ಕಾಲುಗಳನ್ನು ಸೀದಾ ನೆಲಕ್ಕೆ ಹೂಳಲಿಲ್ಲ. ಒಂದೊಂದು ಕಾಲಿನ ಕೆಳಗೂ ಒಂದು ಪ್ಲೇಟು, ಪ್ಲೇಟಿಗೆ ಬೋಲ್ಟು, ಬೋಲ್ಟು ಕಾಂಕ್ರೀಟಿನಲ್ಲಿ. ಕಡ್ಡಿಯ ತುದಿ ಮಣ್ಣಿಗೆ ತಾಗದ ಹಾಗೆ ನಾಲ್ಕು ಅಂಗುಲ ಮೇಲೆ. ಮಣ್ಣಿಗೆ ತಾಗಿದರೆ ಗೆದ್ದಲಿಗೆ ನಾವೇ ಏಣಿ ಹಾಕಿಕೊಟ್ಟಂತೆ. ಬೋಲ್ಟು ಬಿಚ್ಚಿದರೆ ಬೇರೆ ಶಾಲೆಗೂ ಸಾಗಿಸಬಹುದು ಅನ್ನುವ ಯೋಚನೆಯೂ ಇತ್ತು.

ಕಡ್ಡಿ ಹೊದಿಸುವುದು

ಕಡ್ಡಿಯನ್ನು ಕಂಬಿಗೆ ಮೊಳೆ ಹೊಡೆಯಲಾಗುವುದಿಲ್ಲವಲ್ಲ. ಮೊದಲ ಪದರವನ್ನು ಜಿಐ ತಂತಿಯಲ್ಲಿ ಕಂಬಿಗೆ ಕಟ್ಟಬೇಕು. ಆಮೇಲಿನ ಪದರಗಳನ್ನು ಕಡ್ಡಿಗೆ ಕಡ್ಡಿ ಸೇರಿಸಿ ಒಂದಿಂಚಿನ ಮೊಳೆ ಹೊಡೆಯಬೇಕು. ಹಸಿ ಕಡ್ಡಿ ಒಣಗುವಾಗ ಸೊರಗುತ್ತದೆ, ಮೊದಲ ದಿನ ಬಿಗಿಯಾಗಿದ್ದ ತಂತಿ ವಾರದ ಮೇಲೆ ಬಳೆಯ ಹಾಗೆ ಜಾರುತ್ತದೆ. ಅದಕ್ಕೆ ಹಿರಿಯರು ಮೊದಲೇ ಹೇಳಿದ್ದರು: ಬಗ್ಗಿಸಿ, ಸಡಿಲವಾಗಿ ಕಟ್ಟಿ, ನೆರಳಿನಲ್ಲಿ ಒಣಗಲು ಬಿಡಿ, ಆಮೇಲೆ ಇಕ್ಕಳದಲ್ಲಿ ತಿರುವಿ ಬಿಗಿ ಮಾಡಿ. ಮೊಳೆ ಹೊಡೆಯುವುದು ಎಲ್ಲಕ್ಕಿಂತ ಕೊನೆಗೆ.

ಒಣಗಿದ ಕಡ್ಡಿಗೆ ಮೊಳೆ ಹೊಡೆದರೆ ಸೀಳು ಬಿಡುತ್ತದೆ. ಮೊಳೆಯ ಚೂಪಾದ ತುದಿಯನ್ನು ಸುತ್ತಿಗೆಯಲ್ಲಿ ಒಂದು ಏಟು ಕೊಟ್ಟು ಮೊಂಡು ಮಾಡಿ ಹೊಡೆಯಿರಿ. ಚೂಪು ತುದಿ ನಾರನ್ನು ಎರಡು ಭಾಗ ಮಾಡುತ್ತದೆ, ಮೊಂಡು ತುದಿ ನಾರನ್ನು ಜಜ್ಜಿಕೊಂಡು ಒಳಗೆ ಹೋಗುತ್ತದೆ. ಬಡಗಿಗಳಿಗೆ ಇದು ಹಳೇ ವಿದ್ಯೆ. ತುದಿಗೆ ತೀರಾ ಹತ್ತಿರ ಹೊಡೆಯಬೇಕಾದಲ್ಲಿ ಮಾತ್ರ 2 ಎಂಎಂ ಡ್ರಿಲ್ ಹಾಕಿದೆ.

ಕಡ್ಡಿ ಯಾವ ದಿಕ್ಕಿಗೆ ಹೋಗಬೇಕು ಅನ್ನುವುದೇ ಶಿಲ್ಪದ ಅರ್ಧ ಕೆಲಸ. ಅಡ್ಡಡ್ಡ ಸುತ್ತಿದರೆ ಪ್ರಾಣಿ ಪೀಪಾಯಿಯಾಗುತ್ತದೆ. ಮೇಷ್ಟ್ರು ಕಾಟಿಯ ಸ್ನಾಯುಗಳ ಚಿತ್ರ ಬರೆದು ತಂದಿದ್ದರು. ಭುಜದ ಮೇಲಿನ ಕಡ್ಡಿ ಕೆಳಗಿನ ಮುಂಗಾಲಿನ ಕಡೆಗೆ ಬೀಸಣಿಗೆಯಾಗಿ ಹರಡಬೇಕು, ತೊಡೆಯದು ಹಿಂದಿನಿಂದ ಮುಂದಕ್ಕೆ ಸುಳಿಯಬೇಕು, ಕುತ್ತಿಗೆಯ ಕೆಳಗಿನ ಜೋಲು ಚರ್ಮಕ್ಕೆ ಕಡ್ಡಿಗಳನ್ನು ನೇತು ಬಿಡಬೇಕು. ಕಾಟಿಗೆ ಭುಜದಿಂದ ಬೆನ್ನಿನ ನಡುವಿನ ತನಕ ಒಂದು ದಿಣ್ಣೆ ಇದೆ, ಅಲ್ಲಿಗೆ ಥಟ್ಟನೆ ಇಳಿದುಬಿಡುತ್ತದೆ. ಆ ಇಳುಕಲು ಬರದಿದ್ದರೆ ಅದು ಎಮ್ಮೆ. ಬೆನ್ನುಮೂಳೆಯ ಕಂಬಿಯ ಮೇಲೆ ಇನ್ನೊಂದು ಕಂಬಿಯನ್ನು ಬಿಲ್ಲಿನ ಹಾಗೆ ಬೆಸೆದು ಆ ದಿಣ್ಣೆ ಎಬ್ಬಿಸಿದೆ.

ಮುಖ ನಮ್ಮನ್ನು ಸತಾಯಿಸಿತು. ಮೇಷ್ಟ್ರಿಗೆ ಮುಖದಲ್ಲಿ "ನೋವು" ಬೇಕಿತ್ತು. ನನಗೆ ಬೇಡವಾಗಿತ್ತು. ಪ್ರಾಣಿಯ ಮುಖಕ್ಕೆ ಮನುಷ್ಯರ ಅಳು ತಂದರೆ ಕಾರ್ಟೂನ್ ಆಗುತ್ತದೆ ಅಂತ ನನ್ನ ವಾದ. ಜಗಳ ಬಗೆಹರಿಸಿದವರು ಹಿರಿಯರು. "ಕಾಟಿ ಮನುಷ್ಯನ್ನ ಕಂಡ್ರೆ ತಲೆ ಎತ್ತಿ ಸುಮ್ನೆ ನೋಡ್ತದೆ ಸಾಮಿ. ಅಷ್ಟೇಯ." ಹಾಗೇ ಮಾಡಿದೆವು. ತಲೆ ಸ್ವಲ್ಪ ಎತ್ತಿ, ಗೇಟಿನ ಕಡೆಗೆ ತಿರುಗಿಸಿ. ಕಣ್ಣಿನ ಜಾಗದಲ್ಲಿ ಏನೂ ಹಾಕಲಿಲ್ಲ, ಕಡ್ಡಿಗಳ ನಡುವೆ ಎರಡು ಗೂಡು ಬಿಟ್ಟೆವು. ಕೊಂಬಿಗೆ ಕಂಬಿಯ ಮೇಲೆ ಪೆನ್ಸಿಲ್ ಕಡ್ಡಿಗಳನ್ನು ಹುರಿಯಾಗಿ ಸುತ್ತಿ, ತುದಿಗೆ ಹೋದಂತೆ ಒಂದೊಂದೇ ಕಡ್ಡಿ ಬಿಡುತ್ತಾ ಸಣ್ಣ ಮಾಡಿದೆವು. ಎರಡೂ ಕೊಂಬು ಒಂದೇ ಥರ ಬರಲಿಲ್ಲ. ಕಾಡಿನಲ್ಲೂ ಎಲ್ಲಕ್ಕೂ ಒಂದೇ ಥರ ಇರುವುದಿಲ್ಲ ಅಂತ ಬಿಟ್ಟೆವು.

ಬಣ್ಣಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ. ಕರಾವಳಿಯಲ್ಲಿ ಮರದ ದೋಣಿಗೆ ಬಳಿಯುವುದು ಇದನ್ನೇ. ಟರ್ಪೆಂಟೈನ್ ಬೆರೆಸಿ ತೆಳು ಮಾಡಿ ಬಟ್ಟೆಯಲ್ಲಿ ಒರೆಸಿದರೆ ಮೊದಲ ಕೋಟಿಗೆ ಕಂದು, ಮತ್ತೆ ಬಳಿದಂತೆ ಕಾಟಿಯ ಮೈಯ ಕಪ್ಪುಗಂದು. ಹುಳಕ್ಕೂ ಮಳೆಗೂ ಒಳ್ಳೆಯದು. ಆದರೆ ಇದು ಚರ್ಮ ಸುಡುತ್ತದೆ. ತಾಗಿದ ಜಾಗ ಗುಳ್ಳೆ ಎದ್ದು ಸಿಪ್ಪೆ ಸುಲಿಯುತ್ತದೆ. ರಬ್ಬರ್ ಗ್ಲೌಸ್, ಉದ್ದ ತೋಳಿನ ಅಂಗಿ ಬೇಕೇ ಬೇಕು. ಮಕ್ಕಳನ್ನು ಹತ್ತಿರ ಸೇರಿಸಲೇ ಇಲ್ಲ, ಭಾನುವಾರ ನಾವಿಬ್ಬರೇ ಬಳಿದೆವು. ಮೋಡದ ವಾತಾವರಣದಲ್ಲಿ ಎಷ್ಟು ದಿನ ಕಳೆದರೂ ಅಂಟು ಹೋಗುವುದಿಲ್ಲ, ಬಿಸಿಲು ನೋಡಿಕೊಂಡು ಕೆಲಸ ಇಟ್ಟುಕೊಳ್ಳಿ.

ಮೊಣಕಾಲಿನಿಂದ ಕೆಳಗೆ ಮಾತ್ರ ಕಾಯಿಸಿದ ಅಗಸೆ ಎಣ್ಣೆ. ಮಾಸಲು ಬಿಳಿ ಹಾಗೇ ಉಳಿಯಿತು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಹುದು. ತಂತಿಯ ಮೇಲೆ ಬಿಡಿಸಿ ಒಣಹಾಕಿ.

ಹೊಟ್ಟೆ

ಕಾಟಿಯ ಬಲಗಡೆ ಮೈ ಪೂರ್ತಿ ಮುಚ್ಚಿದೆ. ಆ ಕಡೆಯಿಂದ ಬಂದವರಿಗೆ ಅದು ಚೆಂದದ ಪ್ರಾಣಿ, ಫೋಟೋ ತೆಗೆಯಬಹುದು. ಎಡಗಡೆ ಪಕ್ಕೆಯಲ್ಲಿ ಕಡ್ಡಿಗಳ ನಡುವೆ ಮೂರು ಮೂರು ಅಂಗುಲ ಸಂದಿ ಬಿಟ್ಟಿದ್ದೇವೆ. ಪಕ್ಕೆಲುಬು ಎದ್ದು ಕಾಣುವ ಬಡಕಲು ದನದ ಹಾಗೆ. ಆ ಸಂದಿಯೊಳಗೆ ಸುಲಿಯದ, ಬೇಯಿಸದ, ಮುಳ್ಳಿನ ಲಂಟಾನವನ್ನು ಒತ್ತಿ ಒತ್ತಿ ತುಂಬಿದ್ದೇವೆ. ಎಲೆ, ಹಣ್ಣು ತೆಗೆದು ಬರೀ ಮುಳ್ಳುಕಡ್ಡಿ. ಕೆಲವು ತುದಿಗಳು ಹೊರಗೆ ಇಣುಕುತ್ತವೆ.

ಬಲಗಡೆ ನೋಡಿ ಸುತ್ತು ಹಾಕಿ ಎಡಗಡೆಗೆ ಬಂದವರು ಅಲ್ಲಿ ನಿಲ್ಲುತ್ತಾರೆ. ಕೈ ಹಾಕುತ್ತಾರೆ. ಗೀರುತ್ತದೆ. ಆಗ ಕೇಳುತ್ತಾರೆ, "ಇದೇನು, ಹೊಟ್ಟೆಯೊಳಗೆ ಲಂಟಾನ ತುಂಬಿದ್ದೀರಾ?" ಮಕ್ಕಳು ಉತ್ತರ ಹೇಳುತ್ತಾರೆ. ನಮಗೆ ಬೇಕಾಗಿದ್ದು ಆ ಪ್ರಶ್ನೆ, ಅದು ನೋಡಿದವರ ಬಾಯಿಂದಲೇ ಬರಬೇಕಿತ್ತು.

ಹೊಟ್ಟೆಯ ಮುಳ್ಳಿನ ಬಗ್ಗೆ ಶಾಲೆಯಲ್ಲಿ ತಕರಾರೂ ಬಂತು. ಮಕ್ಕಳಿಗೆ ಗಾಯವಾದರೆ? ಲಂಟಾನದ ಮುಳ್ಳು ಸಣ್ಣದು, ಗೀರುತ್ತದೆ, ಚುಚ್ಚಿ ಒಳಗೆ ಮುರಿಯುವುದು ಅಪರೂಪ. ಆದರೂ ಚಿಕ್ಕ ಮಕ್ಕಳ ಕಣ್ಣಿನ ಎತ್ತರಕ್ಕೆ ಇಣುಕುವ ತುದಿಗಳನ್ನೆಲ್ಲ ಕತ್ತರಿಸಿದೆವು. ಬೋಲ್ಟುಗಳ ಸುತ್ತ ಕಲ್ಲು ಜೋಡಿಸಿ ಒಂದು ಹೆಜ್ಜೆ ದೂರ ಇಟ್ಟೆವು. ಮುಳ್ಳು ತೆಗೆದು ಹುಲ್ಲು ತುಂಬಿ ಅಂತ ಒಬ್ಬರು ಸಲಹೆ ಕೊಟ್ಟರು. ಅದಕ್ಕೆ ಮಾತ್ರ ಒಪ್ಪಲಿಲ್ಲ.

ಪಕ್ಕದ ಎರಡು ಚೌಕ

ಶಾಲೆಯ ಕಾಂಪೌಂಡಿನ ಮೂಲೆಯಲ್ಲೇ ಲಂಟಾನದ ಪೊದೆ ಇತ್ತು. ಅದರಲ್ಲಿ ಅರ್ಧವನ್ನು ಬುಡ ಕತ್ತರಿಸಿ ತೆಗೆದು, ಅರ್ಧವನ್ನು ಹಾಗೇ ಬಿಟ್ಟೆವು. ಎರಡೂ ಕಡೆ ಒಂದೊಂದು ಮೀಟರಿನ ಕಬ್ಬಿಣದ ಚೌಕಟ್ಟು ಇಟ್ಟೆವು. ಚೌಕದೊಳಗೆ ಏನೇನು ಹುಟ್ಟುತ್ತದೆ ಅಂತ ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಕಾಟಿಗಿಂತ ಈ ಚೌಕಗಳೇ ಹೆಚ್ಚು ಕಲಿಸುತ್ತಿವೆ ಅಂತ ನನ್ನ ಅನಿಸಿಕೆ. ಮೇಷ್ಟ್ರು ಒಪ್ಪುವುದಿಲ್ಲ, ಅವರು ಕಲಾವಿದರಲ್ವಾ.

ಮಳೆ ಬಿದ್ದ ಮೇಲೆ ಪೊದೆಯ ಕೆಳಗಿನ ಚೌಕದಲ್ಲಿ ಒಣ ಎಲೆ ಬಿಟ್ಟರೆ ಏನೂ ಇರಲಿಲ್ಲ. ತೆರವಾದ ಚೌಕದಲ್ಲಿ ಗರಿಕೆ ಬಂತು, ತುಂಬೆ ಬಂತು. ಅವುಗಳ ಜೊತೆಗೆ ಲಂಟಾನದ ಸಸಿಗಳೂ ದಂಡಿಯಾಗಿ ಬಂದವು. ಮಣ್ಣಿನಲ್ಲಿ ಬಿದ್ದಿದ್ದ ಬೀಜಕ್ಕೆ ಬೆಳಕು ಸಿಕ್ಕಿತು, ಎದ್ದವು. ಒಬ್ಬ ಹುಡುಗ ಬೇಜಾರಾಗಿ, "ಸಾರ್, ಕಿತ್ತಿದ್ದೇ ದಂಡ ಅಲ್ವಾ?" ಅಂದ. ದಂಡ ಅಲ್ಲ, ಆದರೆ ಒಂದು ಸಲ ಕಿತ್ತು ಕೈ ತೊಳೆದುಕೊಳ್ಳುವ ಕೆಲಸವೂ ಅಲ್ಲ. ಸಸಿ ಬೆರಳುದ್ದ ಇರುವಾಗ ಕೈಯಲ್ಲೇ ಬರುತ್ತದೆ, ಹುಲ್ಲು ನೆಲ ಹಿಡಿಯುವ ತನಕ ಪ್ರತಿ ಮಳೆಗಾಲ ಕೀಳುತ್ತಿರಬೇಕು. ಕಾಡಿನಲ್ಲಿ ಇದನ್ನು ಮಾಡಲು ಎಷ್ಟು ಕೈ ಬೇಕು ಅಂತ ಆ ಹುಡುಗನೇ ಆಮೇಲೆ ಲೆಕ್ಕ ಹಾಕುತ್ತಾ ಕೂತಿದ್ದ. ಹಿಂದೆ ಇದಕ್ಕೆ ಹುಳಗಳನ್ನು ತಂದು ಬಿಟ್ಟೂ ನೋಡಿದ್ದಾರೆ, ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ. ಲಂಟಾನ ಜಗ್ಗಲಿಲ್ಲ.

ಇನ್ನೊಂದು ಲೆಕ್ಕವನ್ನೂ ಮಕ್ಕಳ ಮುಂದೆ ಇಟ್ಟೆವು. ಇಷ್ಟು ದೊಡ್ಡ ಕಾಟಿಗೆ ಬೇಕಾದ ಕಡ್ಡಿಯೆಲ್ಲ ಆ ಬೀಳು ಜಮೀನಿನ ಒಂದು ಮೂಲೆಯಲ್ಲೇ ಸಿಕ್ಕಿತು. ಉಳಿದ ಜಮೀನು ಹಾಗೇ ಇದೆ. ಶಿಲ್ಪ ಮಾಡಿ ಕಾಡಿನ ಲಂಟಾನ ಖಾಲಿ ಮಾಡುತ್ತೇವೆ ಅನ್ನುವುದು ಆಗದ ಮಾತು. ಕುರ್ಚಿ, ಆನೆ, ಬುಟ್ಟಿ ಮಾಡಿದವರಿಗೆ ನಾಲ್ಕು ಕಾಸು ಸಿಗುತ್ತದೆ, ಅದು ದೊಡ್ಡದೇ. ಕಾಡು ತೆರವಾಗಬೇಕಾದರೆ ಬುಡ ಕೀಳುವ ಕೂಲಿ ಬೇಕು, ಆಮೇಲೆ ಸಸಿ ಕೀಳುವ ಕೂಲಿ ಬೇಕು, ಕಾಡು ಗೊತ್ತಿರುವವರ ಮಾತು ಕೇಳಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು, ಅಂದರೆ ತಮ್ಮ ಕಾಡನ್ನು ಬಳಸುವ, ನೋಡಿಕೊಳ್ಳುವ ಹಕ್ಕು, ಸಿಕ್ಕಿದೆ. ಬೋರ್ಡಿನಲ್ಲಿ ಮೇಷ್ಟ್ರು ಕೊನೆಗೆ ಬರೆದ ಎರಡು ಸಾಲಿನಲ್ಲಿ ಒಂದು ತರಗು ಬೆಂಕಿಯ ಬಗ್ಗೆ, ಇನ್ನೊಂದು ಈ ಹಕ್ಕಿನ ಬಗ್ಗೆ. ಬೇರೇನೂ ಬರೆಯಲಿಲ್ಲ.

ಖರ್ಚು, ನಿಗಾ

ಕಬ್ಬಿಣ ಸುಮಾರು ಮೂವತ್ತೈದು ಕೆಜಿ. ಅದರಲ್ಲಿ ಒಂದಷ್ಟು ನನ್ನ ಅಂಗಡಿಯ ಮೂಲೆಯ ತುಂಡುಗಳು. ತಂತಿ, ಮೊಳೆ, ಎಣ್ಣೆ, ಕಾಂಕ್ರೀಟು ಸೇರಿ ಬಂದ ಖರ್ಚಿಗಿಂತ ಹಿರಿಯರ ಕೂಲಿಯೇ ಜಾಸ್ತಿ, ಇರಬೇಕಾದದ್ದೂ ಹಾಗೇ. ಹಣ ಹಳೇ ವಿದ್ಯಾರ್ಥಿಗಳಿಂದ ಬಂತು. ಲಂಟಾನಕ್ಕೆ ಕಾಸಿಲ್ಲ.

ಮಳೆಗಾಲದ ಮುಂಚೆ ವರ್ಷಕ್ಕೊಮ್ಮೆ ಎಣ್ಣೆ ಒರೆಸಬೇಕು. ತಿಂಗಳಿಗೊಮ್ಮೆ ಕಾಲಿನ ಹತ್ತಿರ ಗೆದ್ದಲ ಮಣ್ಣು ಏರಿದೆಯಾ ನೋಡಬೇಕು. ಕಡ್ಡಿಯ ಕೆಳಗೆ ಹಿಟ್ಟಿನ ಥರ ಪುಡಿ ಬಿದ್ದಿದ್ದರೆ ಕುಟ್ಟೆ ಶುರುವಾಗಿದೆ ಅಂತ. ಆ ಕಡ್ಡಿಯನ್ನು ಕಿತ್ತು ಬೇರೆ ಹಾಕುವುದೇ ಸರಿ, ಔಷಧಿ ಹೊಡೆಯುವುದು ಸುಮ್ನೆ ದುಡ್ಡು ದಂಡ. ಹೊಟ್ಟೆಯ ಮುಳ್ಳುಕಡ್ಡಿ ಬೇಯಿಸದೇ ಇರುವುದರಿಂದ ಮೊದಲು ಹಾಳಾಗುವುದು ಅದೇ. ಅದನ್ನು ಪ್ರತಿ ವರ್ಷ ಹೊಸದಾಗಿ ತುಂಬಬೇಕು, ಆ ಕೆಲಸ ಒಂಬತ್ತನೇ ಕ್ಲಾಸಿನದು ಅಂತ ಗೊತ್ತುಮಾಡಿದ್ದೇವೆ. ಕಾಂಪೌಂಡಿನಲ್ಲಿ ಬಿಟ್ಟ ಅರ್ಧ ಪೊದೆಯಿಂದಲೇ ಕಡಿಯುತ್ತಾರೆ.

ಹಿರಿಯರು ಹೋಗುವ ದಿನ ಕಾಟಿಯ ಸುತ್ತ ಎರಡು ಸುತ್ತು ಹಾಕಿ, ಕಿವಿ ಚಿಕ್ಕದಾಯಿತು ಅಂದರು. ನಿಜ, ಚಿಕ್ಕದೇ. ಪೆನ್ಸಿಲ್ ದಪ್ಪದ ಕಡ್ಡಿ ಅಷ್ಟು ಹೊತ್ತಿಗೆ ಮುಗಿದುಹೋಗಿತ್ತು. ಪಕ್ಕದ ಊರಿನ ಶಾಲೆಯವರು ಒಂದು ಕರು ಬೇಕು ಅಂತ ಕೇಳಿದ್ದಾರೆ. ಅದಕ್ಕೆ ಬೆನ್ನಿಗೆ 8 ಎಂಎಂ ಕಂಬಿ ಸಾಕು ಅನ್ನಿಸುತ್ತದೆ. ಹೂವು ಉದುರಿ ಕಾಯಿ ಕಟ್ಟುವುದರೊಳಗೆ ಕಡ್ಡಿ ಕೊಯ್ಯಬೇಕು, ಈ ಸಲ ಸಣ್ಣ ಕಡ್ಡಿಯನ್ನೇ ಮೊದಲು.